ಭಟ್ಟಿಯಲ್ಲಿ ಉಳಿದ ಬ್ರೆಡ್ಡು

ಜನವರಿ 6, ಸೋಮವಾರ

ಇವತ್ತೂ ಸೀದ ವಾಸನೆ. ಪಕ್ಕದ ಚಪ್ಪಲಿಯಮ್ಮನಿಗೆ ಅಡುಗೆ ಮಾಡುವುದನ್ನು ಯಾರೂ ಕಲಿಸಿದಂತಿಲ್ಲ. ಅವಳ ಹೆಸರು ನನಗೆ ಗೊತ್ತಿಲ್ಲ. ಕಾರಿಡಾರಿನ ಉದ್ದಕ್ಕೂ ರಬ್ಬರ್ ಚಪ್ಪಲಿಯನ್ನು ಪಟಪಟ ಬಡಿದುಕೊಂಡು ಓಡಾಡುತ್ತಾಳೆಂದು ನಾನೇ ಇಟ್ಟ ಹೆಸರು. ಒಲೆಯ ಮೇಲೆ ಏನನ್ನೋ ಇಟ್ಟು ಫೋನ್ ಹಿಡಿದು ಕೂತಳೆಂದರೆ ಅವಳಿಗೆ ಲೋಕವೇ ಬೇಡ. ಬೆಳಕು ಹರಿಯುವ ಮೊದಲೇ ಹೋಗಿ ಬಾಗಿಲು ತಟ್ಟಿದೆ. ಕಣ್ಣುಜ್ಜುತ್ತ ತೆರೆದಳು. ಇಲ್ಲಿಯ ಭಾಷೆಯಲ್ಲಿ ನನಗೆ ಬರುವ ನಾಲ್ಕು ಮಾತುಗಳಲ್ಲಿ ಎರಡನ್ನು ಜೋಡಿಸಿ, ‘ಒಲೆ, ಬೆಂಕಿ’ ಎಂದೆ. ಒಳಗೆ ಕರೆದುಕೊಂಡು ಹೋಗಿ ಒಲೆಯ ಮೇಲೆ ತನ್ನ ಅಂಗೈಯನ್ನೇ ಇಟ್ಟು ತೋರಿಸಿದಳು. ತಣ್ಣಗಿತ್ತು. ನಾನು ಬರುವ ಸದ್ದು ಕೇಳಿ ಆರಿಸಿರಬೇಕು. ಬಲು ಚುರುಕು.

ಸಂಜೆ ಈ ಕಟ್ಟಡದ ಮ್ಯಾನೇಜರ್ ಬಂದ. ಬಾಗಿಲಲ್ಲೇ ನಿಂತು ಇವರ ಜೊತೆ ಮಾತಾಡಿದ. ಗೋದಾಮಿನಲ್ಲಿ ಡಬ್ಬ ಕಟ್ಟಿ ಕಟ್ಟಿ ಇವರಿಗೆ ಇಲ್ಲಿಯ ಭಾಷೆ ನನಗಿಂತ ಚೆನ್ನಾಗಿ ಬರುತ್ತದೆ. ಮಾತಿನ ನಡುವೆ ಇವರು ಕಿವಿ ತುರಿಸಿಕೊಂಡದ್ದನ್ನು ನೋಡಿದೆ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಸುಳ್ಳು ಹೇಳುವಾಗ ಇವರ ಎಡಗಿವಿ ತುರಿಸುತ್ತದೆ. ಅವನು ಹೋದ ಮೇಲೆ ಚಿಲಕ ಹಾಕಿ ಮಂಚದ ಮೇಲೆ ಕೂತರು.

“ದೂರು ಹೋಗಿದೆ. ಈ ಕೋಣೆಯವರು ಹೊತ್ತುಗೊತ್ತಿಲ್ಲದೆ ಬಂದು ಬಾಗಿಲು ಬಡೀತಾರೆ ಅಂತ. ಇನ್ನೊಂದು ದೂರು ಬಂದ್ರೆ ಖಾಲಿ ಮಾಡಿಸ್ತಾರಂತೆ. ವಾಪಸ್ ಶಿಬಿರಕ್ಕೆ.”

“ಬೆಂಕಿ ಬೀಳದ ಹಾಗೆ ನೋಡ್ಕೊಂಡಿದ್ದಕ್ಕೆ ದೂರಾ?”

“ಬಡಿಯೋರು ಯಾರೋ ಅವರನ್ನ ಡಾಕ್ಟರಿಗೆ ತೋರ್ಸಿ ಅಂದ. ನಾನೇ ಬಡಿದಿದ್ದು ಅಂತ ಹೇಳ್ಬಿಟ್ಟೆ.”

“ಯಾಕ್ರೀ ಹಾಗಂದ್ರಿ?”

“ಇನ್ನೇನನ್ನಲಿ? ನಿನ್ನನ್ನ ಡಾಕ್ಟರ ಹತ್ರ ಎಳ್ಕೊಂಡು ಹೋಗೋಕೆ ಅವರಪ್ಪನ ಕೈಲೂ ಆಗಲ್ಲ. ನಾನಾದ್ರೆ ಹೋಗಿ ಕೂತು ಬರ್ತೀನಿ. ನೀನು ಜೊತೆಗೆ ಬಾ, ಸಾಕು.”

ಅದೂ ಸರಿಯೇ. ತಲೆ ನೆಟ್ಟಗಿರುವವಳು ತಲೆ ಡಾಕ್ಟರ ಬಳಿ ಹೋಗಿ ಏನು ಮಾಡಲಿ? ಆದರೆ ಶಿಬಿರ ಎಂಬ ಮಾತು ಕೇಳಿದ ಮೇಲೆ ಎದ್ದು ಹೋಗಿ ಚಿಲಕ ಬಿಗಿಯಾಗಿದೆಯೋ ಎಂದು ನೋಡಿ ಬಂದೆ. ಆ ದೊಡ್ಡ ಹಜಾರ, ಸಂಸಾರಕ್ಕೊಂದು ಹೊದಿಕೆಯ ಪರದೆ. ಒಬ್ಬರು ಕೆಮ್ಮಿದರೆ ಎಲ್ಲರೂ ಮಗ್ಗುಲು ಬದಲಿಸಬೇಕು. ಅಳಬೇಕೆಂದರೂ ಸ್ನಾನದ ಸಾಲಿನಲ್ಲಿ ನಿಂತು ಸರದಿ ಕಾಯಬೇಕು. ಅಲ್ಲಿ ಇವರು ಅರ್ಧಕ್ಕರ್ಧ ಇಳಿದುಹೋಗಿದ್ದರು. ಇನ್ನೊಂದು ಸಲ ಹೋದರೆ ಇವರು ನನಗೆ ಉಳಿಯುವುದಿಲ್ಲ. ಈ ಕೋಣೆ ನಮ್ಮದಲ್ಲ, ನಿಜ. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿದೆ.

ಜನವರಿ 9, ಗುರುವಾರ

ಡಾಕ್ಟರ ಬಳಿ ಹೋಗಿಬಂದೆವು. ಹೊರಡುವಾಗ ಒಲೆ ನೋಡಲು ಮೆಟ್ಟಿಲಿಂದ ಮತ್ತೆ ಮತ್ತೆ ಹಿಂದಿರುಗಿದೆ. ಅಷ್ಟರಲ್ಲಿ ಎರಡು ಬಸ್ಸು ಹೋದವು. ಇವರು ಕೆಳಗೇ ಕಾಯುತ್ತ ನಿಂತಿದ್ದರು.

ಊರು ಬಿಟ್ಟು ಬಂದವರಿಗೆಂದೇ ಇರುವ ಕ್ಲಿನಿಕ್ಕಂತೆ. ಹೊರಗಿನ ಕೋಣೆಯಲ್ಲಿ ಎಲ್ಲರಿಗೂ ಬಾಗಿಲಿಗೆ ಹತ್ತಿರದ ಕುರ್ಚಿಯೇ ಬೇಕು. ಒಳಗಿನ ಕುರ್ಚಿಗಳು ಖಾಲಿ ಬಿದ್ದಿವೆ, ಬಾಗಿಲ ಬಳಿ ಜನ ನಿಂತಿದ್ದಾರೆ. ನಾನೂ ನಿಂತೆ.

ಡಾಕ್ಟರು ಇನ್ನೂ ಹುಡುಗಿ. ಅವಳಜ್ಜಿ ನಮ್ಮ ಕಡೆಯವಳಂತೆ. ಚಿಕ್ಕಂದಿನಲ್ಲಿ ಅಜ್ಜಿ ತನ್ನೊಡನೆ ಆಡಿದ ಮಾತುಗಳೇ ಅವಳಿಗೆ ಬರುವ ನಮ್ಮ ಭಾಷೆ. ಹಾಗಾಗಿ ಆ ಹುಡುಗಿ ಬಂದವರನ್ನೆಲ್ಲ ಮೊಮ್ಮಕ್ಕಳ ಹಾಗೆ ಮಾತಾಡಿಸುತ್ತಾಳೆ. ಬಹುವಚನವೆಂಬುದೇ ಅವಳಿಗೆ ಗೊತ್ತಿಲ್ಲ. ಅಜ್ಜಿ ಅವಳಿಗೆ ಬಹುವಚನ ಹಾಕಿದ್ದರೆ ತಾನೇ? ಅರವತ್ತು ದಾಟಿದ ಇವರನ್ನು ನೋಡಿ, “ಬಾ ನನ್ನ ಕಂದ, ಕೂತ್ಕೋ. ಹೊಟ್ಟೆ ತುಂಬ ಉಂಡ್ಯಾ?” ಎಂದಳು. ಇವರು ಗಾಬರಿಯಾಗಿ “ಉಂಡೆ” ಎಂದುಬಿಟ್ಟರು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಗು ತಾನಾಗಿ ನಿಂತಿತು. ಉಂಡೆಯಾ ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ.

“ಏನಾಗ್ತಿದೆ ಮಗಾ, ಹೇಳು.”

ಇವರು ನನ್ನ ಮುಖ ನೋಡಿದರು. ಕೋಣೆಯಲ್ಲಿ ಬಾಯಿ ಮುಚ್ಚದ ಮನುಷ್ಯ ಅಲ್ಲಿ ಮೂಗನ ಹಾಗೆ ಕೂತುಬಿಟ್ಟರು. ನಾನೇ ಹೇಳಬೇಕಾಯಿತು.

“ಇವರು ನಿದ್ದೆ ಮಾಡಲ್ಲ.”

“ನಿಂಗೆ ಹೇಗೆ ಗೊತ್ತು ತಾಯಿ?”

“ರಾತ್ರಿಯೆಲ್ಲ ನೋಡ್ತಾ ಇರ್ತೀನಲ್ಲ.”

ಅವಳು ತಲೆಯಾಡಿಸಿದಳು. “ಮತ್ತೆ?”

“ಸೀದ ವಾಸನೆ ಬರುತ್ತೆ ಅಂತ ಪಕ್ಕದವರ ಬಾಗಿಲು ತಟ್ತಾರೆ.”

“ಎಂಥ ವಾಸನೆ? ಹಾಲು ಉಕ್ಕಿ ಸೀದ ಹಾಗಾ, ಬಟ್ಟೆ ಸುಟ್ಟ ಹಾಗಾ?”

“ಎರಡೂ ಅಲ್ಲ. ಬ್ರೆಡ್ಡು. ಮೊದಲು ತಳ ಕಪ್ಪಾಗುತ್ತೆ, ಆಮೇಲೆ ಅಂಚು. ಕೊನೆಗೆ ಒಳಗಿನ ಮೆತ್ತನೇದು.”

“ಅವನಿಗೆ ಬರೋ ವಾಸನೆ ನಿಂಗೆ ಇಷ್ಟು ಚೆನ್ನಾಗಿ ಗೊತ್ತಾ?”

“ಭಟ್ಟಿ ಮುಂದೆ ನಿಂತು ಮುದುಕಿಯಾದವಳು. ನಂಗೆ ಗೊತ್ತಿರಲ್ವಾ?”

ಪಾಪ, ನಂಬಿದಳು. ಪ್ರತಿ ವಾರ ಇಬ್ಬರೂ ಬನ್ನಿ ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ತಿರುಗಿ ಮೀಸೆಯೊಳಗೇ ನಗುತ್ತಿದ್ದರು. ಏನು ಎಂದರೆ ಏನಿಲ್ಲ ಎಂದರು.

ಜನವರಿ 12, ಭಾನುವಾರ

ರಜೆ. ಇವರು ಮಲಗಿದ್ದಾರೆ. ಹೇಳಿಕೊಳ್ಳಲು ಯಾರೂ ಇಲ್ಲ, ಬರೆದುಕೊಳ್ಳುತ್ತೇನೆ.

ನಮ್ಮ ಮನೆಯ ಮುಂಭಾಗವೇ ಭಟ್ಟಿ. ಮಾವನವರು ತಾವೇ ಇಟ್ಟಿಗೆ ಜೋಡಿಸಿ ಕಟ್ಟಿದ್ದು. ಬೇಕರಿ ಎಂದು ಹಲಗೆ ಹಾಕಿದ್ದರೂ ನಾವು ಮಾರಿದ್ದು ಕಡಿಮೆ, ಬೇಯಿಸಿ ಕೊಟ್ಟಿದ್ದೇ ಹೆಚ್ಚು. ಬೀದಿಯವರೆಲ್ಲ ತಮ್ಮ ತಮ್ಮ ಮನೆಯಲ್ಲಿ ಹಿಟ್ಟು ನಾದಿ, ಉಬ್ಬಿಸಿ, ಬಟ್ಟೆ ಮುಚ್ಚಿ ತಂದು ನನ್ನ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ಹಿಟ್ಟು ಅವರದ್ದು, ಬೆಂಕಿ ನಮ್ಮದು. ಸಂಜೆ ಬಂದು ಒಯ್ಯುವಾಗ ಒಂದು ಚೂರು ಮುರಿದು ನನ್ನ ಬಾಯಿಗಿಟ್ಟೇ ಹೋಗಬೇಕು. ನಾನು ಮನೆಯಲ್ಲಿ ಬ್ರೆಡ್ಡು ತಿಂದಿದ್ದೇ ನೆನಪಿಲ್ಲ, ಬೀದಿಯದ್ದೆಲ್ಲ ತಿಂದೇ ಹೊಟ್ಟೆ ತುಂಬುತ್ತಿತ್ತು.

ಯಾವುದು ಯಾರದ್ದೆಂದು ತಿಳಿಯಲು ಮೇಲೆ ಗುರುತು. ಕ್ಷೌರದಂಗಡಿಯವನದ್ದು ಎರಡು ಗೀರು. ಅವನು ತನ್ನ ಕತ್ತಿಯಲ್ಲೇ ಗೀರುತ್ತಿದ್ದನೆಂದು ಬೀದಿಯೆಲ್ಲ ಗೇಲಿ ಮಾಡುತ್ತಿತ್ತು. ಸೂಲಗಿತ್ತಿ ಅಜ್ಜಿಯದ್ದು ಹೆಬ್ಬೆಟ್ಟಿನ ಗುಳಿ. ದರ್ಜಿಯ ಹೆಂಡತಿ ಗುಂಡಿ ಒತ್ತಿ ಕಳಿಸುತ್ತಿದ್ದಳು. ಒಂದು ಸಲ ಗುಂಡಿ ತೆಗೆಯುವುದನ್ನೇ ಮರೆತಳು, ಅವಳ ಗಂಡನ ಹಲ್ಲು ಅಲ್ಲಾಡಿತು. ಮೇಷ್ಟ್ರ ಮನೆಯದಕ್ಕೆ ಗುರುತೇ ಬೇಡ, ಅದು ಎಂದೂ ನೆಟ್ಟಗೆ ಉಬ್ಬಿದ್ದಿಲ್ಲ. ಆ ಮಹಾರಾಯ ಬಂದು, ‘ನಿಮ್ಮ ಬೆಂಕಿ ಸರಿಯಿಲ್ಲ’ ಎಂದು ನನ್ನನ್ನೇ ಬೈಯುತ್ತಿದ್ದ.

ಬೆಂದಿದೆಯೋ ಇಲ್ಲವೋ ನೋಡಲು ಬ್ರೆಡ್ಡನ್ನು ಮಗುಚಿ ತಳವನ್ನು ಬೆರಳ ಗೆಣ್ಣಿನಿಂದ ತಟ್ಟಬೇಕು. ಬಾಗಿಲು ತಟ್ಟುವ ಹಾಗೆಯೇ. ಟೊಳ್ಳು ಸದ್ದು ಬಂದರೆ ಬೆಂದಿದೆ. ನನ್ನ ಕಿವಿ ಅದರಲ್ಲಿ ಎಂದೂ ಮೋಸ ಹೋದದ್ದಿಲ್ಲ.

ಆ ದಿನದ್ದು ಬರೆಯುವುದಿಲ್ಲ.

ಇಲ್ಲಿಯ ಅಡುಗೆ ಮೂಲೆಯಲ್ಲೂ ಒಂದು ಓವನ್ ಇದೆ. ಅದರೊಳಗೆ ಪಾತ್ರೆ ತುಂಬಿಟ್ಟಿದ್ದೇನೆ. ಜಾಗವಿಲ್ಲ, ಅದಕ್ಕೆ.

ಜನವರಿ 16, ಗುರುವಾರ

ಇವತ್ತೂ ಇವರು ಬಾಯಿ ಬಿಡಲಿಲ್ಲ. ಡಾಕ್ಟರು ಇವರನ್ನು ಕೇಳುವುದು, ಇವರು ನನ್ನನ್ನು ನೋಡುವುದು, ನಾನು ಹೇಳುವುದು. ಹೀಗಾದರೆ ಇವರಿಗೆ ವಾಸಿಯಾಗುವುದು ಯಾವಾಗ? ಬಸ್ಸಿನಲ್ಲಿ ಚೆನ್ನಾಗಿ ಉಗಿದೆ.

“ನಿಮ್ಮ ಕಾಯಿಲೆ ನಾನ್ಯಾಕ್ರೀ ಹೇಳ್ಬೇಕು?”

“ನೀನು ಹೇಳಿದ್ರೆ ಕೇಳೋಕೆ ಚೆನ್ನಾಗಿರುತ್ತೆ.”

ಜನವರಿ 25, ಶನಿವಾರ

ಅಕ್ಷರ ನೆಟ್ಟಗೆ ಬೀಳುತ್ತಿಲ್ಲ.

ಮಧ್ಯಾಹ್ನ ನಾನು ಕೆಲಸಕ್ಕೆ ಹೋಗುವ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಿಸುತ್ತಿದ್ದಾಗ ವಾಸನೆ ಬಂತು. ಕೆಲಸ ಅಲ್ಲಿಗೇ ಬಿಟ್ಟು ಕೋಣೆಗೆ ಓಡಿದೆ. ನಮ್ಮ ಒಲೆ ಆರಿತ್ತು. ವಾಸನೆ ಚಪ್ಪಲಿಯಮ್ಮನ ಕಡೆಯಿಂದಲೇ. ಬಾಗಿಲ ಮುಂದೆ ನಿಂತು ಕೈ ಎತ್ತಿದೆ. ಇನ್ನೊಂದು ದೂರು ಹೋದರೆ ಶಿಬಿರ. ತಟ್ಟಲಿಲ್ಲ. ತಟ್ಟದೆ ವಾಪಸು ಬರಲೂ ಆಗಲಿಲ್ಲ. ಒಳಗೆ ಎಲ್ಲವೂ ಕಪ್ಪಾಗುತ್ತಿದೆ, ನಾನು ಹೊರಗೆ ಕೈ ಎತ್ತಿಕೊಂಡು ನಿಂತಿದ್ದೇನೆ. ಎಷ್ಟು ಹೊತ್ತೋ ತಿಳಿಯದು. ಇವರು ಗೋದಾಮಿನಿಂದ ಬಂದಾಗಲೂ ಹಾಗೇ ನಿಂತಿದ್ದೆನಂತೆ.

“ನಿಮ್ಗೆ ವಾಸನೆ ಬರ್ತಿದ್ಯಾ?” ಎಂದೆ.

“ಇಲ್ಲ ಕಣೇ.” ಕಿವಿ ತುರಿಸಿಕೊಳ್ಳಲಿಲ್ಲ.

ಇವರು ನನ್ನ ಕೈ ಇಳಿಸಿದರು. ಅಲ್ಲೇ ಗೋಡೆಗೊರಗಿ ಕೂತೆ. ಇವರೂ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಚಪ್ಪಲಿಯಮ್ಮ ನಮ್ಮಿಬ್ಬರನ್ನು ನೋಡಿದಳು, ಒಳಗೆ ಹೋದಳು. ಮ್ಯಾನೇಜರಿಗೆ ಫೋನ್ ಮಾಡಲು ಹೋದಳು, ಕಥೆ ಮುಗಿಯಿತು ಎಂದುಕೊಂಡೆ. ಅವಳು ಒಂದು ನೀಲಿ ಬಟ್ಟಲಿನ ತುಂಬ ಸಕ್ಕರೆ ತಂದು ನನ್ನ ಕೈಗಿಟ್ಟು ಬಾಗಿಲು ಹಾಕಿಕೊಂಡಳು.

ನಾನೇನು ಸಕ್ಕರೆ ಕೇಳಲು ಹೋಗಿದ್ದೆನೇ? ಮರ್ಯಾದೆ ಹೋಯಿತು. ಹಿಂದಿರುಗಿಸೋಣವೆಂದರೆ ಇವರು ಆಗಲೇ ಚಹಾಕ್ಕೆ ಸುರಿದುಬಿಟ್ಟಿದ್ದಾರೆ.

ಜನವರಿ 28, ಮಂಗಳವಾರ

ಆ ನೀಲಿ ಬಟ್ಟಲು ಕಪಾಟಿನ ಮೇಲೆ ಕೂತು ನನ್ನನ್ನೇ ನೋಡುತ್ತಿದೆ. ತೊಳೆದಿಟ್ಟಿದ್ದೇನೆ. ಒಬ್ಬರು ತುಂಬಿ ಕೊಟ್ಟ ಪಾತ್ರೆಯನ್ನು ಖಾಲಿ ಮಾಡಿ ಹಾಗೇ ವಾಪಸು ಕೊಡುವುದು ನಮ್ಮತ್ತೆಯ ಕಾಲದಿಂದ ನಮ್ಮ ಮನೆಯಲ್ಲಿ ಇಲ್ಲ. ಏನು ಹಾಕಿ ಕೊಡಲಿ? ಅಂಗಡಿಯ ಬಿಸ್ಕತ್ತು ಹಾಕಿ ಕೊಡು ಎಂದರು ಇವರು. ಭಟ್ಟಿಯವಳು ಅಂಗಡಿಯ ಬಿಸ್ಕತ್ತು ಕೊಟ್ಟಳೆಂದರೆ ಅತ್ತೆ ಎಲ್ಲಿದ್ದರೂ ಎದ್ದು ಬಂದು ಬೈದಾರು.

ಫೆಬ್ರವರಿ 13, ಗುರುವಾರ

ಇವತ್ತಿನದ್ದು ಪೂರ್ತಿ ಬರೆದಿಡಬೇಕು.

ಡಾಕ್ಟರು ಇವರನ್ನೇ ಕೇಳಿದಳು. “ಕಂದ, ಕೊನೇ ಸಲ ಭಟ್ಟಿ ಹತ್ರ ಇದ್ದ ದಿನ ಏನಾಯ್ತು, ಹೇಳು.”

ಈ ಸಲ ಇವರು ಬಾಯಿ ಬಿಟ್ಟರು. “ನಾನು ಹಿತ್ತಿಲಲ್ಲಿ ಸೌದೆ ಒಡೀತಿದ್ದೆ ಡಾಕ್ಟ್ರೇ. ಭಟ್ಟಿ ಮುಂದೆ ಇದ್ದಿದ್ದು ಇವಳು.”

ಡಾಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು. “ಹಾಗಾದ್ರೆ ಅವನ ಪರವಾಗಿ ನೀನೇ ಹೇಳು ತಾಯಿ.”

ಇವರ ಪರವಾಗಿ ತಾನೇ ಎಂದು ಹೇಳಿದೆ. ಕೊನೆಯ ಸಾಲು ಒಳಗೆ ತಳ್ಳಿ ಭಟ್ಟಿಯ ಬಾಗಿಲು ಮುಚ್ಚಿದ್ದೆ. ಬೀದಿಯಲ್ಲಿ ಧ್ವನಿವರ್ಧಕದ ಗಾಡಿ ಬಂತು. ಎಲ್ಲರೂ ಹೊರಡಿ, ಈಗಲೇ ಹೊರಡಿ, ಏನನ್ನೂ ತೆಗೆದುಕೊಳ್ಳಬೇಡಿ ಎಂದು ಕೂಗುತ್ತಿತ್ತು. ಹೊಳೆಯಾಚೆ ಗುಂಡು ಬೀಳುವ ಸದ್ದು. ಬೀದಿಯ ತುದಿಯಲ್ಲಿ ಲಾರಿ ನಿಂತಿತ್ತು. ಇವರು ಹಿತ್ತಿಲಿಂದ ಓಡಿಬಂದು ನನ್ನ ತೋಳು ಹಿಡಿದರು. ನಾನು, ‘ಇನ್ನೂ ಬೆಂದಿಲ್ಲ’ ಎಂದೆ. ಮನೆಯ ಬಗ್ಗೆ, ಊರಿನ ಬಗ್ಗೆ ಏನೂ ಅನ್ನಲಿಲ್ಲ. ಲಾರಿಯವರೆಗೂ ಅದೊಂದೇ ಮಾತು, ಇನ್ನೂ ಬೆಂದಿಲ್ಲ, ಇನ್ನೂ ಬೆಂದಿಲ್ಲ. ಲಾರಿ ಹತ್ತಿ ನೋಡಿದರೆ ಸುತ್ತ ಕೂತವರೆಲ್ಲ ಹಿಟ್ಟು ಕೊಟ್ಟುಹೋದವರೇ. ಸೂಲಗಿತ್ತಿ ಅಜ್ಜಿ ನನ್ನ ಎದುರಿಗೇ ಇದ್ದಳು. ನನ್ನ ಬ್ರೆಡ್ಡೆಲ್ಲಿ ಎಂದು ಯಾರೂ ಕೇಳಲಿಲ್ಲ. ಒಬ್ಬರಾದರೂ ಕೇಳಿದ್ದರೆ, ಬೈದಿದ್ದರೆ ಚೆನ್ನಾಗಿತ್ತು. ಮುಂದೆ ದಾರಿಯಲ್ಲಿ ಒಂದೊಂದು ಲಾರಿ ಒಂದೊಂದು ಕಡೆ ಹೋಯಿತು, ಯಾರು ಎಲ್ಲಿದ್ದಾರೋ ಗೊತ್ತಿಲ್ಲ. ಅಜ್ಜಿ ಇದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ.

“ಆ ಬ್ರೆಡ್ಡು ಈಗ ಎಲ್ಲಿದೆ?” ಎಂದಳು ಡಾಕ್ಟರು.

“ಒಳಗೇ ಇದೆ. ಸೀಯ್ತಾ ಇದೆ.”

“ಇವತ್ತೂ?”

“ಇವತ್ತೂ.”

ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. “ಇನ್ನೂ ಎಷ್ಟು ದಿನ ಬಿಡ್ತೀಯ ತಾಯಿ? ತೆಗಿ. ಕಣ್ಮುಚ್ಚು, ಬಾಗಿಲು ತೆಗಿ. ನಾನಿಲ್ಲೇ ಇದ್ದೀನಿ.”

ಇವಳಿಗೇ ತಲೆ ಕೆಟ್ಟಿದೆ ಎಂದುಕೊಂಡೆ. ಆದರೆ ಆ ದನಿ ನಮ್ಮ ಬೀದಿಯ ಮುದುಕಿಯರದ್ದು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಕಣ್ಣು ಮುಚ್ಚಿ, ಬ್ರೆಡ್ಡು ಹೊರಗೆಳೆಯುವ ಉದ್ದ ಹಿಡಿಯ ಮರದ ಹಲಗೆ ಕೈಗೆತ್ತಿಕೊಂಡೆ. ಬಾಗಿಲ ಹಿಡಿ ಸುಡುತ್ತಿತ್ತು. ಸೆರಗು ಸುತ್ತಿ ಹಿಡಿದು ತೆರೆದೆ.

“ಏನು ಕಾಣ್ತಿದೆ?”

“ಮುಂದಿಂದು ಎರಡು ಗೀರು. ಕ್ಷೌರದವನದ್ದು.”

“ಹೇಗಿದೆ?”

ಕಪ್ಪಗಿದೆ ಎಂದೇ ಹೇಳಲು ಹೊರಟವಳು ನಾನು. ನೋಡಿದರೆ ಹಾಗಿರಲಿಲ್ಲ. ಹೊಂಬಣ್ಣಕ್ಕೆ ತಿರುಗಿತ್ತು. ಮಗುಚಿ ತಳ ತಟ್ಟಿದೆ. ಡಾಕ್ಟರ ಮೇಜನ್ನೇ ತಟ್ಟಿದ್ದೆನೆಂದು ಆಮೇಲೆ ಇವರು ಹೇಳಿದರು. ಒಂದೊಂದಾಗಿ ಹೊರಗೆಳೆದೆ. ದರ್ಜಿಯದ್ದು, ಗುಂಡಿ ಇದೆಯೋ ಎಂದು ನೋಡಿಯೇ ಎತ್ತಿಟ್ಟೆ. ಮೇಷ್ಟ್ರದ್ದು ಎಂದಿನಂತೆ ಚಪ್ಪಟೆ. ಬಟ್ಟೆ ಮುಚ್ಚಿ ಅವರವರ ಮನೆಗೆ ಹೊತ್ತುಕೊಂಡು ಹೋದೆ. ಎಲ್ಲ ಬಾಗಿಲು ತಟ್ಟಿದೆ, ಎಲ್ಲರೂ ತೆರೆದರು.

“ಸೂಲಗಿತ್ತಿ ಅಜ್ಜಿದು ಹಿಂದೆ ಎಡಗಡೆ ಮೂಲೇಲಿದೆ ಕಣೇ,” ಎಂದಿತು ಇವರ ದನಿ. “ಮರೀಬೇಡ. ಆ ಮೂಲೇಲಿ ಕಾವು ಜಾಸ್ತಿ.”

ಕಣ್ಣು ತೆರೆದು ನೋಡಿದೆ. ಇವರು ಅಳುತ್ತಿದ್ದರು. ಲಾರಿಯಲ್ಲಿ ಅಳಲಿಲ್ಲ, ಶಿಬಿರದಲ್ಲಿ ಅಳಲಿಲ್ಲ. ಇಲ್ಲಿ, ಪರರ ಹುಡುಗಿಯ ಮುಂದೆ, ಅಂಗಿ ತೋಯುವಷ್ಟು ಅತ್ತರು. ನಾನೂ ಅತ್ತೆ. ಅತ್ತದ್ದಕ್ಕೆ ನಾಚಿಕೆಯಾಗಲಿಲ್ಲ. ಮತ್ತೆ ಕಣ್ಣು ಮುಚ್ಚಿ ಅಜ್ಜಿಯ ಬ್ರೆಡ್ಡನ್ನು ಅವಳ ಕೈಗೇ ಕೊಟ್ಟೆ, ಅವಳು ಚೂರು ಮುರಿದು ನನ್ನ ಬಾಯಿಗಿಟ್ಟಳು.

ಬಸ್ಸಿನಲ್ಲಿ ಇವರು ಇನ್ನೊಂದು ಮಾತು ಹೇಳಿದರು. “ನಿನ್ನನ್ನ ಲಾರಿ ಹತ್ತಿಸಿ ಕೋಟು ತರ್ತೀನಿ ಅಂತ ಓಡಿದ್ನಲ್ಲ, ಆಗ ಬ್ರೆಡ್ಡೆಲ್ಲ ಹೊರಗೆಳೆದು, ಕೆಂಡಕ್ಕೆ ನೀರು ಸುರಿದೇ ಬಂದೆ. ಏನೂ ಸೀದಿಲ್ಲ ಕಣೇ.”

ಅವತ್ತು ಇವರು ಕೋಟಿಲ್ಲದೆ ಬರಿಗೈಯಲ್ಲಿ ಬಂದದ್ದು ನನಗೂ ನೆನಪಿದೆ. ಹೇಳುವಾಗ ಕಿವಿ ತುರಿಸಿಕೊಂಡರೋ ಇಲ್ಲವೋ, ನಾನು ನೋಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಕೂತೆ.

ಫೆಬ್ರವರಿ 15, ಶನಿವಾರ

ಇವರು ಈಗ ರಾತ್ರಿ ನಿದ್ದೆ ಮಾಡುತ್ತಿರಬೇಕು. ನಾನು ನೋಡಿಲ್ಲ. ಎರಡು ದಿನದಿಂದ ತಲೆ ಇಟ್ಟ ಕೂಡಲೇ ಬೆಳಗಾಗಿಬಿಡುತ್ತಿದೆ. ಲಾಂಡ್ರಿಯ ಕೆಲಸದ ಆಯಾಸ.

ಮಾರ್ಚ್ 6, ಗುರುವಾರ

ಡಾಕ್ಟರಿಗೆ ಹೇಳಿದೆ, ಇವರಿಗೆ ಎಷ್ಟೋ ವಾಸಿ, ಬಾಗಿಲು ತಟ್ಟುವುದು ಬಿಟ್ಟಿದ್ದಾರೆ ಎಂದು. “ಬಹಳ ಸಂತೋಷ ಕಂದ,” ಎಂದು ಅವಳು ಇವರ ಬೆನ್ನು ತಟ್ಟಿದಳು. ಆದರೆ ನೋಡಿದ್ದು ನನ್ನನ್ನು. ವಾಸನೆ ಪೂರ್ತಿ ಹೋಯಿತೇ ಎಂದು ಕೇಳಿದಳು. ಒಮ್ಮೊಮ್ಮೆ ಬರುತ್ತದೆ, ಬಂದರೆ ಯಾರದ್ದೆಂದು ಗುರುತು ಹಿಡಿದು ಹೊರಗೆ ತೆಗೆದಿಡುತ್ತಾರೆ, ಹೋಗುತ್ತದೆ ಎಂದೆ.

“ಜಾಣ ಮಗು,” ಎಂದಳು.

ಬೆಳಗ್ಗೆ ಮೊದಲನೇ ಬಸ್ಸೇ ಸಿಕ್ಕಿತ್ತು. ಬೇಗ ತಲುಪಿ ಸುಮ್ಮನೆ ಕಾಯಬೇಕಾಯಿತು. ಕಿಟಕಿಯ ಪಕ್ಕದ ಕುರ್ಚಿ ಚೆನ್ನಾಗಿದೆ, ಬಿಸಿಲು ಬೀಳುತ್ತದೆ.

ಮಾರ್ಚ್ 9, ಭಾನುವಾರ

ಓವನ್ನಿಂದ ಪಾತ್ರೆಗಳನ್ನು ತೆಗೆದು ಒರೆಸಿದೆ. ಒಳಗೆಲ್ಲ ಧೂಳು. ಹೊಸದಾಗಿಯೇ ಇದೆ, ಯಾರೂ ಬಳಸಿಲ್ಲ. ಗುಂಡಿ ತಿರುಗಿಸಿದರೆ ದೀಪ ಹತ್ತಿತು. ಇದೂ ಒಂದು ಭಟ್ಟಿಯೇ ಎಂದು ಇವರಿಗೆ ತೋರಿಸಿ ನಕ್ಕೆ. ಸೌದೆಯಿಲ್ಲ, ಕೆಂಡವಿಲ್ಲ, ಗೊಂಬೆಯ ಮದುವೆಗೆ ಅಡುಗೆ ಮಾಡುವ ಹಾಗಿದೆ.

ಬಟ್ಟಲು ವಾಪಸು ಮಾಡದೆ ಎಷ್ಟು ದಿನವಾಯಿತು! ಚಪ್ಪಲಿಯಮ್ಮ ಏನೆಂದುಕೊಂಡಾಳು. ಮುಂದಿನ ವಾರ ಹಿಟ್ಟು ತರಬೇಕು.

ಮಾರ್ಚ್ 16, ಭಾನುವಾರ

ಬೆಳಗ್ಗೆ ಹಿಟ್ಟು ನಾದಿದೆ. ಕೈ ಮರೆತಿರಲಿಲ್ಲ. ಇವರು ಪಕ್ಕದಲ್ಲಿ ನಿಂತು ನೀರು ಜಾಸ್ತಿಯಾಯಿತು, ಉಪ್ಪು ಕಡಿಮೆಯಾಯಿತು ಎಂದು ಮಾವನವರ ಹಾಗೇ ತಲೆ ತಿಂದರು. ಉಬ್ಬಲು ಬಿಟ್ಟು ಬಟ್ಟೆ ಮುಚ್ಚಿದೆ. ಮಧ್ಯಾಹ್ನ ಓವನ್ನಿಗೆ ಇಡುವಾಗ, ಗುರುತು ಏನು ಹಾಕುತ್ತೀಯ ಎಂದರು. ಚಪ್ಪಲಿಯ ಆಕಾರ ಕೊರೆದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಬೇಯುವವರೆಗೆ ಕಾಯೋಣವೆಂದು ಮಂಚದ ಮೇಲೆ ಕೂತೆವು. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಇವರು ಗೋಡೆಗೆ ಒರಗಿದರು, ನಾನು ಇವರಿಗೆ ಒರಗಿದೆ.

ಆಮೇಲೆ ಗೊತ್ತಾದದ್ದು ಬಾಗಿಲು ಬಡಿಯುವ ಸದ್ದು. ಎರಡೂ ಕೈಯಲ್ಲಿ ಬಡಿಯುತ್ತಿದ್ದಾರೆ. ಕಣ್ಣು ತೆರೆದರೆ ಕೋಣೆ ತುಂಬ ಹೊಗೆ. ಕಾರಿಡಾರಿನ ಹೊಗೆ ಗಂಟೆ ಕಿರ್ರೋ ಎಂದು ಅರಚುತ್ತಿದೆ. ಇವರು ಗೊರಕೆ ಹೊಡೆಯುತ್ತಿದ್ದಾರೆ. ಓಡಿಹೋಗಿ ಚಿಲಕ ತೆಗೆದೆ. ಚಪ್ಪಲಿಯಮ್ಮ! ಕೆದರಿದ ತಲೆ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ.

“ಒಲೆ! ಬೆಂಕಿ!” ಎಂದಳು.

ಅವಳೇ ನುಗ್ಗಿ ಗುಂಡಿ ಆರಿಸಿದಳು, ಕಿಟಕಿ ತೆರೆದಳು, ಟವೆಲ್ ಬೀಸಿ ಹೊಗೆ ಓಡಿಸಿದಳು. ನಾನು ಬ್ರೆಡ್ಡು ಹೊರಗೆ ತೆಗೆದೆ. ಇದ್ದಿಲು. ಚಪ್ಪಲಿಯ ಗುರುತೂ ಕಾಣದಷ್ಟು ಕಪ್ಪು.

ಮೆಟ್ಟಿಲ ಮೇಲೆ ಮ್ಯಾನೇಜರ ಬೂಟಿನ ಸದ್ದು ಕೇಳಿಸಿತು. ಆ ಹಜಾರ, ಆ ಪರದೆಗಳು ಕಣ್ಣ ಮುಂದೆ ಬಂದವು. ಇವರು ಆಗಷ್ಟೇ ಎದ್ದು ಕಿವಿಗೆ ಕೈ ಹಾಕುತ್ತಿದ್ದರು, ‘ನಾನೇ’ ಎನ್ನಲು. ಅಷ್ಟರಲ್ಲಿ ಚಪ್ಪಲಿಯಮ್ಮ ಬಿಸಿ ತಟ್ಟೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಯಿಂದ ಕಿತ್ತುಕೊಂಡು ಹೊರಗೆ ಹೋಗಿ ತನ್ನ ಬಾಗಿಲ ಮುಂದೆ ನಿಂತಳು. ಮ್ಯಾನೇಜರಿಗೆ ಅವಳು ಹೇಳಿದ್ದನ್ನು ಇವರು ಆಮೇಲೆ ನನಗೆ ಹೇಳಿದರು.

“ಸೀಸಿದ್ದು ನಾನು. ಫೋನಲ್ಲಿ ಮಾತಾಡ್ತಾ ಮರೆತುಬಿಟ್ಟೆ. ಪಾಪ, ಇವರು ಬಂದು ಬಾಗಿಲು ತಟ್ಟಿ ಎಚ್ಚರಿಸಿದ್ರು.”

ಕಿವಿ ತುರಿಸಿಕೊಳ್ಳಲಿಲ್ಲ. ಕಣ್ಣೂ ಮಿಟುಕಿಸಲಿಲ್ಲ. ಇಂಥ ಹೆಂಗಸನ್ನು ನಾನು ಇಷ್ಟು ದಿನ ಏನೆಲ್ಲ ಅಂದುಕೊಂಡೆ. ಮ್ಯಾನೇಜರ್ ಗಂಟೆ ನಿಲ್ಲಿಸಿ, ಗೊಣಗಿಕೊಂಡು ಇಳಿದುಹೋದ.

ಅವಳು ತಟ್ಟೆ ಹಿಡಿದು ಮತ್ತೆ ಒಳಗೆ ಬಂದು ಮೇಜಿನ ಮುಂದೆ ಕೂತಳು. ಬ್ರೆಡ್ಡನ್ನು ಮಗುಚಿ ನಾನು ತಳ ತಟ್ಟಿದೆ, ಅಭ್ಯಾಸಬಲ. ಅವಳು ಚಾಕು ತೆಗೆದುಕೊಂಡು ಕಪ್ಪನ್ನೆಲ್ಲ ಕೆರೆದು ಎರಡಾಗಿ ಮುರಿದಳು. ನಟ್ಟನಡುವೆ ಒಂದು ಹಿಡಿಯಷ್ಟು ಬೆಳ್ಳಗೆ, ಮೆತ್ತಗೆ ಉಳಿದಿತ್ತು. ಅದರಿಂದ ಚೂರು ಕಿತ್ತು, ತಾನು ತಿನ್ನುವ ಮೊದಲು ನನ್ನ ಬಾಯಿಯ ಮುಂದೆ ಹಿಡಿದಳು. ಅವಳಿಗೆ ಅದನ್ನು ಯಾರು ಹೇಳಿಕೊಟ್ಟರೋ. ಬಾಯಿ ತೆರೆದೆ.

ಅವಳು ಹೋದ ಮೇಲೆ ಇವರನ್ನು ಕೇಳಿದೆ, “ಅಷ್ಟು ಹೊಗೆ, ಅಷ್ಟು ಸೀದ ವಾಸನೆ, ನಂಗೆ ಹೇಗ್ರೀ ಎಚ್ಚರ ಆಗಲಿಲ್ಲ?”

ಇವರು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಗಂಡಸರಿಗೆ ವಯಸ್ಸಾದ ಮೇಲೆ ಸುಮ್ಮಸುಮ್ಮನೆ ಕಣ್ಣು ತುಂಬುತ್ತದೆ. ಗುರುವಾರ ಡಾಕ್ಟರಿಗೆ ಹೇಳಬೇಕು.

ನಾಳೆ ಕೆಲಸ ಮುಗಿಸಿ ಬರುವಾಗ ಹಿಟ್ಟು ತಂದು ಇನ್ನೊಮ್ಮೆ ನಾದುತ್ತೇನೆ. ಅವಳ ಬಟ್ಟಲು ಇನ್ನೂ ನಮ್ಮ ಮನೆಯಲ್ಲೇ ಇದೆ.